ಅಕ್ವೇರಿಯಂ ಮೀನುಗಳ ಮೈಮೇಲೆ ಕಾಣಿಸುವ ಗಂಟು, ಗುಳ್ಳೆ ಹಾಗೂ ಅಸಹಜ ಬೆಳವಣಿಗೆಗಳು: ಗುರುತಿಸುವ ವಿಧಾನ ಮತ್ತು ಕೈಗೊಳ್ಳಬೇಕಾದ ಕ್ರಮಗಳು

(ಬೊಮ್ಮನಹಳ್ಳಿ ಹಾಗೂ ಸುತ್ತಮುತ್ತಲಿನ ಬಡಾವಣೆಗಳ ಸಾರ್ವಜನಿಕರ ಮಾಹಿತಿಗಾಗಿ)

ಮನೆಯಲ್ಲಿ ಸಾಕಿದ ಅಲಂಕಾರಿಕ ಮೀನಿನ ಮೈಮೇಲೆ ಬಿಳಿಯ ಗಂಟೊಂದು ಕಾಣಿಸಿಕೊಂಡಾಗ ಸಾಮಾನ್ಯವಾಗಿ ನಡೆಯುವುದು ಇಷ್ಟು. ಮನೆಯವರು ಹತ್ತಿರದ ಅಂಗಡಿಯಿಂದ ನೀಲಿ ಅಥವಾ ಹಸಿರು ಬಣ್ಣದ ಔಷಧದ ಬಾಟಲಿಯೊಂದನ್ನು ತಂದು ತೊಟ್ಟಿಗೆ ಸುರಿಯುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ಗಂಟಿದ್ದ ಮೀನು ಹಾಗೆಯೇ ಈಜುತ್ತಿದ್ದು, ಗಂಟಿಲ್ಲದ ಮೀನುಗಳು ಸತ್ತು ತೇಲುವುದೂ ಉಂಟು. ಮೀನಿನ ಮಲಮೂತ್ರದಿಂದ ಉಂಟಾಗುವ ಅಮೋನಿಯಾವನ್ನು ಫಿಲ್ಟರಿನಲ್ಲಿ ನೆಲೆಸಿರುವ ಉಪಯುಕ್ತ ಬ್ಯಾಕ್ಟೀರಿಯಾಗಳು ನಿರಪಾಯಕಾರಿ ವಸ್ತುವನ್ನಾಗಿ ಪರಿವರ್ತಿಸುತ್ತಿರುತ್ತವೆ. ಹಲವು ಔಷಧಗಳು ರೋಗಾಣುಗಳೊಂದಿಗೆ ಈ ಬ್ಯಾಕ್ಟೀರಿಯಾಗಳನ್ನೂ ನಾಶಪಡಿಸುವುದರಿಂದ ನೀರು ವಿಷವಾಗುತ್ತದೆ. ಆದುದರಿಂದ ಬೆಳವಣಿಗೆಯು ಯಾವ ಬಗೆಯದೆಂದು ತಿಳಿಯುವವರೆಗೆ ಯಾವುದೇ ಔಷಧವನ್ನು ತೊಟ್ಟಿಗೆ ಹಾಕತಕ್ಕದ್ದಲ್ಲ. ಹೀಗೆ ಕಾದು ನೋಡುವುದರಿಂದ ಹಾನಿಯಾಗುವ ಸಂದರ್ಭಗಳು ಬಹಳ ಕಡಿಮೆ. ಅಂತಹ ಸಂದರ್ಭಗಳನ್ನು ಆಯಾ ಭಾಗದಲ್ಲಿ ತಿಳಿಸಲಾಗಿದೆ.

ಮೊದಲು ನೋಡಬೇಕಾದುದು

ತೊಟ್ಟಿಯ ದೀಪವನ್ನು ಆರಿಸಿ, ಪಕ್ಕದಿಂದ ಟಾರ್ಚ್ ಬೆಳಕು ಹಾಯಿಸಿ ಐದು ನಿಮಿಷ ಗಮನಿಸಬೇಕು. ಬೆಳವಣಿಗೆಯು ಚರ್ಮದ ಮೇಲೆ ಅಂಟಿಕೊಂಡಂತಿದೆಯೇ, ಚರ್ಮದ ಒಳಗಿನಿಂದ ಉಬ್ಬಿದೆಯೇ ಅಥವಾ ಹುರುಪೆಗಳ ನಡುವಿನಿಂದ ಹೊರಚಾಚಿದೆಯೇ ಎಂಬುದು ಮೊದಲನೆಯ ಪ್ರಶ್ನೆ. ಎರಡೂ ಬದಿಯಲ್ಲಿ ಸಮನಾಗಿದೆಯೇ ಎಂಬುದು ಎರಡನೆಯದು. ಸಮನಾಗಿದ್ದಲ್ಲಿ ಅದು ಮೀನಿನ ತಳಿಗೆ ಸಹಜವಾದದ್ದಾಗಿರುವ ಸಾಧ್ಯತೆ ಹೆಚ್ಚು. ಒಂದು ಮೀನಿಗೆ ಮಾತ್ರ ಬಂದಿದೆಯೇ, ಇತರ ಮೀನುಗಳಲ್ಲಿಯೂ ಇದೆಯೇ, ಮೀನು ಆಹಾರ ತಿನ್ನುತ್ತಿದೆಯೇ, ಕಲ್ಲಿಗೆ ಮೈ ಉಜ್ಜುತ್ತಿದೆಯೇ, ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿದೆಯೇ ಎಂಬುದನ್ನು ಬರೆದಿಡಬೇಕು. ಮೊಬೈಲ್ ದೂರವಾಣಿಯಲ್ಲಿ ಪ್ರತಿದಿನ ಒಂದೇ ಬದಿಯಿಂದ ಒಂದು ಛಾಯಾಚಿತ್ರ ತೆಗೆದಿಟ್ಟುಕೊಂಡಲ್ಲಿ ಗಂಟು ಬೆಳೆಯುತ್ತಿದೆಯೋ ಇಲ್ಲವೋ ಎಂಬುದು ನಿರ್ವಿವಾದವಾಗಿ ತಿಳಿಯುತ್ತದೆ. ನೆನಪು ಈ ವಿಷಯದಲ್ಲಿ ನಂಬತಕ್ಕ ಸಾಕ್ಷಿಯಲ್ಲ.

ರೋಗವಲ್ಲದ ಬೆಳವಣಿಗೆಗಳು

ಒರಾಂಡಾ ಮತ್ತು ಲಯನ್ ಹೆಡ್ ತಳಿಯ ಗೋಲ್ಡ್ ಫಿಷ್‌ಗಳ ತಲೆಯ ಮೇಲೆ ಹಣ್ಣಿನ ತಿರುಳಿನಂತೆ ಬೆಳೆಯುವ ಮಾಂಸಲ ಮುಕುಟವು ಆ ತಳಿಯ ಲಕ್ಷಣ. ಮರಿ ಮೀನು ಕೊಂಡವರಿಗೆ ಇದು ತಿಂಗಳುಗಳ ನಂತರ ಕಾಣಿಸಿಕೊಳ್ಳುವುದರಿಂದ ಗಾಬರಿಯಾಗುವುದು ಸಹಜ. ಮುಕುಟವು ಕಣ್ಣನ್ನು ಮುಚ್ಚಿದಲ್ಲಿ ಆಹಾರವನ್ನು ಮೂತಿಯ ಬಳಿಯೇ ಹಾಕಬೇಕಾಗುತ್ತದೆ. ಮನೆಯಲ್ಲಿ ಕತ್ತರಿಸಲು ಹೋಗಬಾರದು. ಬಬಲ್ ಐ ತಳಿಯ ಕಣ್ಣಿನ ಕೆಳಗಿನ ನೀರುಚೀಲಗಳು, ಪರ್ಲ್ ಸ್ಕೇಲ್ ತಳಿಯ ಉಬ್ಬಿದ ಹುರುಪೆಗಳು, ಫ್ಲವರ್ ಹಾರ್ನ್ ಮೀನಿನ ಹಣೆಯ ಗುಬ್ಬು ಇವೂ ಸಹಜವೇ.

ಗೋಲ್ಡ್ ಫಿಷ್ ಗಂಡುಗಳ ಕಿವಿರು ಮುಚ್ಚಳದ ಮೇಲೆ ಹಾಗೂ ಎದೆಯ ಈಜುರೆಕ್ಕೆಯ ಮುಂಭಾಗದ ಕಡ್ಡಿಯ ಮೇಲೆ ಸಂತಾನೋತ್ಪತ್ತಿಯ ಕಾಲದಲ್ಲಿ ಸಾಲಾಗಿ ಮೂಡುವ ಬಿಳಿಯ ಚುಕ್ಕೆಗಳ ವಿಷಯದಲ್ಲಿ ಅತಿ ಹೆಚ್ಚು ತಪ್ಪುಗಳಾಗುತ್ತವೆ. ಇವುಗಳನ್ನು ಬಿಳಿ ಚುಕ್ಕೆ ರೋಗವೆಂದು ಭಾವಿಸಿ ಆರೋಗ್ಯವಂತ ಮೀನಿಗೆ ಔಷಧ ಹಾಕಲಾಗುತ್ತದೆ. ಚುಕ್ಕೆಗಳು ಕಿವಿರು ಮುಚ್ಚಳ ಮತ್ತು ಎದೆರೆಕ್ಕೆಗಳಿಗೆ ಮಾತ್ರ ಸೀಮಿತವಾಗಿದ್ದು, ಬಾಲ ಹಾಗೂ ಬೆನ್ನಿನ ಮೇಲೆ ಇಲ್ಲದಿದ್ದಲ್ಲಿ ಅದು ರೋಗವಲ್ಲ. ಕೆಲವು ವಾರಗಳಲ್ಲಿ ಅವು ತಾವಾಗಿಯೇ ಮರೆಯಾಗುತ್ತವೆ.

ಕೊಳವೆ ಬಾವಿಯ ನೀರು ಮತ್ತು ಗಾಳಿಗುಳ್ಳೆ

2007ರಲ್ಲಿ ಬೊಮ್ಮನಹಳ್ಳಿ ನಗರಸಭೆಯ ಪ್ರದೇಶವು ಬೆಂಗಳೂರು ಮಹಾನಗರದ ಆಡಳಿತದೊಳಗೆ ಸೇರ್ಪಡೆಯಾಯಿತು. ಕಾವೇರಿ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಲೋಕಾರ್ಪಣೆಗೊಂಡಿದ್ದರೂ ಹೊಂಗಸಂದ್ರ, ಬೇಗೂರು, ಅರಕೆರೆ ಮುಂತಾದ ಕಡೆಗಳಲ್ಲಿ ಅನೇಕ ಮನೆಗಳು ಹಾಗೂ ವಸತಿ ಸಮುಚ್ಚಯಗಳು ಕೊಳವೆ ಬಾವಿ ಮತ್ತು ಟ್ಯಾಂಕರ್ ನೀರನ್ನೂ ಬಳಸುತ್ತಿವೆ. ಒಂದೇ ಸಂಪಿನಲ್ಲಿ ಈ ಮೂರು ನೀರೂ ಬೆರೆಯುವುದುಂಟು. ಕುಡಿಯುವವರಿಗೆ ಅಷ್ಟಾಗಿ ತಿಳಿಯದ ಈ ವ್ಯತ್ಯಾಸವು ಮೀನಿಗೆ ಕೂಡಲೇ ತಿಳಿಯುತ್ತದೆ.

ಭೂಮಿಯ ಆಳದಲ್ಲಿ ಒತ್ತಡದಲ್ಲಿರುವ ನೀರು ಸಾಮಾನ್ಯಕ್ಕಿಂತ ಹೆಚ್ಚು ಸಾರಜನಕ ಅನಿಲವನ್ನು ಕರಗಿಸಿಟ್ಟುಕೊಂಡಿರಬಹುದು. ಅದೇ ವೇಳೆ ಅದರಲ್ಲಿ ಆಮ್ಲಜನಕ ಕಡಿಮೆ ಇರಬಹುದು. ಅಂತಹ ನೀರನ್ನು ಪಂಪಿನಿಂದ ನೇರವಾಗಿ ತೊಟ್ಟಿಗೆ ತುಂಬಿದಾಗ ಅನಿಲವು ಮೀನಿನ ರಕ್ತದಲ್ಲಿಯೂ ಅಂಗಾಂಶಗಳಲ್ಲಿಯೂ ಗುಳ್ಳೆಯಾಗಿ ಹೊರಬರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆರೆದಾಗ ಆಗುವುದೂ ಇದೇ. ಈಜುರೆಕ್ಕೆಯ ಪೊರೆಯೊಳಗೆ, ಕಣ್ಣಿನ ಸುತ್ತ ಸಣ್ಣ ಪಾರದರ್ಶಕ ಗುಳ್ಳೆಗಳು ಕಾಣಿಸುತ್ತವೆ. ಕೆಲವೊಮ್ಮೆ ಕಣ್ಣೇ ಹೊರಗೆ ತಳ್ಳಲ್ಪಟ್ಟಂತಾಗುತ್ತದೆ. ನೀರು ಬದಲಾಯಿಸಿದ ಕೆಲವೇ ಗಂಟೆಗಳಲ್ಲಿ ಹಲವು ಮೀನುಗಳಿಗೆ ಒಟ್ಟಿಗೆ ಹೀಗಾದಲ್ಲಿ ಇದೇ ಕಾರಣವೆಂದು ಸಂಶಯಿಸಬೇಕು. ಇದು ಕಾಯುವ ಸಂದರ್ಭವಲ್ಲ: ಗಾಳಿ ಪಂಪನ್ನು ಪೂರ್ಣ ವೇಗದಲ್ಲಿ ನಡೆಸಿ, ನೀರಿನ ಮೇಲ್ಮೈಯನ್ನು ಕಲಕುವಂತೆ ಮಾಡಬೇಕು, ಹಿಂದಿನ ದಿನ ಹಿಡಿದಿಟ್ಟ ನೀರು ಲಭ್ಯವಿದ್ದಲ್ಲಿ ಮೀನುಗಳನ್ನು ಅದಕ್ಕೆ ವರ್ಗಾಯಿಸಬೇಕು. ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಬಾರದು.

ಯಾವುದೇ ಮೂಲದ ನೀರನ್ನು ತೆರೆದ ಬಕೆಟ್ ಅಥವಾ ಡ್ರಮ್ಮಿನಲ್ಲಿ ಗಾಳಿ ಕಲ್ಲು ಹಾಕಿ 24 ಗಂಟೆ ಇಟ್ಟು ಬಳಸುವುದರಿಂದ ಹೆಚ್ಚುವರಿ ಅನಿಲವೂ, ನಲ್ಲಿ ನೀರಿನ ಕ್ಲೋರಿನ್ ಬಹುಮಟ್ಟಿಗೂ ಹೊರಹೋಗುತ್ತವೆ. ಒಮ್ಮೆಗೆ ತೊಟ್ಟಿಯ ಕಾಲುಭಾಗಕ್ಕಿಂತ ಹೆಚ್ಚು ನೀರನ್ನು ಬದಲಾಯಿಸದಿರುವುದು ಲೇಸು. ಟ್ಯಾಂಕರ್ ನೀರು ಬಂದ ದಿನ ಈ ಎಚ್ಚರಿಕೆ ಇನ್ನೂ ಅಗತ್ಯ. ಹಿಂದಿನ ವಾರದ ಟ್ಯಾಂಕರ್ ಯಾವ ಬಾವಿಯದೋ, ಈ ವಾರದ್ದು ಯಾವುದೋ.

ಚುಕ್ಕೆ, ಹತ್ತಿ ಮತ್ತು ದಾರ

ಉಪ್ಪಿನ ಹರಳು ಉದುರಿಸಿದಂತೆ ಮೈಯೆಲ್ಲ ಒಂದೇ ಗಾತ್ರದ ಬಿಳಿಯ ಚುಕ್ಕೆಗಳಾಗಿ, ಮೀನು ಮೈ ಉಜ್ಜುತ್ತಿದ್ದಲ್ಲಿ ಅದು ಇಚ್ ಎಂದು ಕರೆಯಲಾಗುವ ಬಿಳಿ ಚುಕ್ಕೆ ರೋಗ. ಏಕಕೋಶ ಪರೋಪಜೀವಿಯೊಂದು ಇದಕ್ಕೆ ಕಾರಣ. ಚರ್ಮದೊಳಗಿರುವಾಗ ಅದಕ್ಕೆ ಔಷಧ ತಗಲುವುದಿಲ್ಲ. ಬಲಿತು ಉದುರಿ, ತೊಟ್ಟಿಯ ತಳದಲ್ಲಿ ನೂರಾರು ಮರಿಗಳಾಗಿ ಒಡೆದು ನೀರಿನಲ್ಲಿ ಈಜುವಾಗ ಮಾತ್ರ ಅದನ್ನು ಕೊಲ್ಲಲು ಸಾಧ್ಯ. ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಜೀವನಚಕ್ರವು ವಾರದೊಳಗೆ ಮುಗಿಯುತ್ತದೆ, ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ. ಎರಡು ದಿನ ಔಷಧ ಹಾಕಿ, ಚುಕ್ಕೆ ಹೋಯಿತೆಂದು ನಿಲ್ಲಿಸುವವರ ತೊಟ್ಟಿಯಲ್ಲಿ ರೋಗವು ಮರುಕಳಿಸುವುದು ಇದೇ ಕಾರಣದಿಂದ. ಕೊನೆಯ ಚುಕ್ಕೆ ಮರೆಯಾದ ನಂತರವೂ ಒಂದು ವಾರ ಚಿಕಿತ್ಸೆ ಮುಂದುವರಿಸತಕ್ಕದ್ದು. ಈ ರೋಗದಲ್ಲಿ ತಡ ಮಾಡುವುದು ಅಪಾಯಕಾರಿ.

ಇದಕ್ಕೆ ಮೊದಲ ಕ್ರಮವಾಗಿ ಲೀಟರಿಗೆ 1ರಿಂದ 2 ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಬಹುದು. ಉಪ್ಪು ಆವಿಯಾಗುವುದಿಲ್ಲವಾದ್ದರಿಂದ ಕಡಿಮೆಯಾದ ನೀರಿಗೆ ಮತ್ತೆ ಉಪ್ಪುನೀರನ್ನೇ ತುಂಬಬಾರದು. ಕೋರಿಡೋರಸ್ ಮುಂತಾದ ಹುರುಪೆಯಿಲ್ಲದ ಮೀನುಗಳೂ ಹಲವು ನೀರು ಗಿಡಗಳೂ ಉಪ್ಪನ್ನು ಸಹಿಸುವುದಿಲ್ಲ. ಅಂಗಡಿಗಳಲ್ಲಿ ದೊರೆಯುವ ಹಸಿರು ದ್ರಾವಣಗಳಲ್ಲಿ ಮಲಕೈಟ್ ಗ್ರೀನ್ ಇರುವ ಸಂಭವವಿದೆ. ಆಹಾರಕ್ಕಾಗಿ ಸಾಕುವ ಮೀನುಗಳಿಗೆ ಇದರ ಬಳಕೆಯು ನಿಷಿದ್ಧ. ಅಲಂಕಾರಿಕ ಮೀನಿಗೆ ಬಳಸುವವರು ಕೈಗವಸು ಧರಿಸಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಗಾಯವಾದ ಜಾಗದಲ್ಲಿ ಹತ್ತಿಯ ಎಳೆಗಳಂತೆ ಬೆಳೆದು ನೀರಿನಲ್ಲಿ ಅಲ್ಲಾಡುವುದು ಬೂಷ್ಟು. ಬೂಷ್ಟು ಸಾಮಾನ್ಯವಾಗಿ ಗಾಯದ ಪರಿಣಾಮವೇ ಹೊರತು ಮೂಲವಲ್ಲ; ಕಚ್ಚುವ ಮೀನನ್ನು ಬೇರ್ಪಡಿಸದೆ ಬೂಷ್ಟಿಗೆ ಮದ್ದು ಮಾಡಿ ಪ್ರಯೋಜನವಿಲ್ಲ. ಬಾಯಿಯ ಸುತ್ತ ಅಥವಾ ಬೆನ್ನಿನ ಮೇಲೆ ಬೂದು ಬಿಳುಪಿನ ತೇಪೆಯಾಗಿ, ಒಂದೆರಡು ದಿನಗಳಲ್ಲಿ ಹರಡಿ ಮೀನುಗಳು ಸಾಯತೊಡಗಿದಲ್ಲಿ ಅದು ಬೂಷ್ಟಲ್ಲ, ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ಬಿಸಿ ನೀರಿನಲ್ಲಿ ಇದು ಇನ್ನಷ್ಟು ವೇಗವಾಗಿ ಹರಡುವುದರಿಂದ ಹೀಟರ್ ಹಾಕುವುದು ತಪ್ಪು ಕ್ರಮ. ಕೂಡಲೇ ಪಶುವೈದ್ಯರನ್ನು ಸಂಪರ್ಕಿಸಬೇಕು. ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಬಳಸತಕ್ಕದ್ದಲ್ಲ.

ಹುರುಪೆಯ ನಡುವಿನಿಂದ ಒಂದೆರಡು ಸೆಂಟಿಮೀಟರಿನಷ್ಟು ದಾರದಂತೆ ನೇತಾಡುವುದು ಲಂಗರು ಹುಳು. ಹೆಸರು ಹುಳುವೆಂದಿದ್ದರೂ ಇದು ಸೀಗಡಿಯ ದೂರದ ಸಂಬಂಧಿ. ತಲೆಯನ್ನು ಮಾಂಸದೊಳಗೆ ಲಂಗರಿನಂತೆ ಊರಿರುತ್ತದೆ. ಒದ್ದೆ ಬಟ್ಟೆಯಲ್ಲಿ ಮೀನನ್ನು ಹಿಡಿದು, ಚಿಮಟದಿಂದ ಬುಡಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಎಳೆದು ತೆಗೆಯಬಹುದು. ಚಪ್ಪಟೆಯಾದ, ದುಂಡಗಿನ, ಮೀನಿನ ಮೈಮೇಲೆ ಸರಿದಾಡುವ ಚುಕ್ಕೆಯಿದ್ದಲ್ಲಿ ಅದು ಮೀನು ಹೇನು. ನಮ್ಮ ಕೆರೆಗಳ ಗೆಂಡೆ ಮೀನು ಸಾಕಣೆದಾರರಿಗೆ ಇದು ಹಳೆಯ ಪರಿಚಯ. ಕೆರೆಯಿಂದ ಕಿತ್ತು ತಂದ ಗಿಡಗಳೊಂದಿಗೆ ಅಥವಾ ಹೊರಗಿನ ಕೊಳದಲ್ಲಿದ್ದ ಮೀನಿನೊಂದಿಗೆ ಈ ಎರಡೂ ಮನೆಗೆ ಬರುತ್ತವೆ. ಮೊಟ್ಟೆಗಳಿಂದ ಹೊಸ ಮರಿಗಳು ಬರುತ್ತಲೇ ಇರುವುದರಿಂದ ಒಮ್ಮೆ ಕಿತ್ತರೆ ಮುಗಿಯುವುದಿಲ್ಲ. ಕೆಲವು ವಾರ ನಿಗಾ ಇಡಬೇಕು. ಮನೆಯ ಜಿರಲೆ, ಸೊಳ್ಳೆ ಔಷಧಗಳನ್ನು ಈ ಕಾರಣಕ್ಕೆ ತೊಟ್ಟಿಗೆ ಹಾಕುವುದು ಎಲ್ಲ ಮೀನುಗಳಿಗೂ ಮಾರಕ.

ವೈರಾಣುವಿನ ಗಂಟುಗಳು

ಈಜುರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನಂತೆ ಬಿಳಿಯ ಅಥವಾ ನಸುಗೆಂಪಿನ ಗಟ್ಟಿ ಕಣಗಳ ಗುಂಪು ಬೆಳೆದಲ್ಲಿ ಅದು ಬಹುಮಟ್ಟಿಗೆ ಲಿಂಫೋಸಿಸ್ಟಿಸ್. ವೈರಾಣುವು ಮೀನಿನ ಚರ್ಮದ ಜೀವಕೋಶಗಳನ್ನು ಎಷ್ಟು ಹಿಗ್ಗಿಸುತ್ತದೆಂದರೆ ಒಂದೊಂದು ಕೋಶವೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗುತ್ತದೆ. ಗೌರಾಮಿ, ಸಿಕ್ಲಿಡ್, ಗ್ಲಾಸ್ ಫಿಷ್ ಮುಂತಾದವುಗಳಿಗೆ ಬರುವ ಈ ರೋಗವು ಗೋಲ್ಡ್ ಫಿಷ್ ಮತ್ತು ಕೊಯ್ ಒಳಗೊಂಡ ಗೆಂಡೆ ವರ್ಗದ ಮೀನುಗಳಿಗೆ ಬರುವುದಿಲ್ಲ. ಇದಕ್ಕೆ ಔಷಧವಿಲ್ಲ, ಸಾಮಾನ್ಯವಾಗಿ ಅಗತ್ಯವೂ ಇಲ್ಲ: ಶುದ್ಧ ನೀರು, ಉತ್ತಮ ಆಹಾರ ಮತ್ತು ನೆಮ್ಮದಿ ದೊರೆತಲ್ಲಿ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗಂಟುಗಳು ತಾವಾಗಿಯೇ ಕಳಚುತ್ತವೆ. ಅಲ್ಲಿಯವರೆಗೆ ಮೀನನ್ನು ಪ್ರತ್ಯೇಕವಾಗಿಡಬೇಕು.

ಭಾರತದ ಕೆರೆ ತೊರೆಗಳದ್ದೇ ಆದ, ಮೈಯೊಳಗಿನ ಮೂಳೆ ಕಾಣುವಷ್ಟು ಪಾರದರ್ಶಕವಾದ ಗ್ಲಾಸ್ ಫಿಷ್‌ಗೆ ಸೂಜಿಯಿಂದ ಗುಲಾಬಿ, ಹಸಿರು, ಹಳದಿ ಬಣ್ಣ ಚುಚ್ಚಿ ಮಾರುವ ಪದ್ಧತಿಯೊಂದಿದೆ. ಹೀಗೆ ಬಣ್ಣ ಚುಚ್ಚಲಾದ ಮೀನುಗಳಲ್ಲಿ ಲಿಂಫೋಸಿಸ್ಟಿಸ್ ಹೆಚ್ಚಾಗಿ ಕಂಡುಬಂದಿದೆ. ಬಣ್ಣವೂ ಕೆಲವು ತಿಂಗಳಲ್ಲಿ ಮಾಸುತ್ತದೆ. ಸಾರ್ವಜನಿಕರು ಇಂತಹ ಮೀನುಗಳನ್ನು ಕೊಳ್ಳದಿರುವುದು ಸೂಕ್ತ.

ಕೊಯ್ ಮೀನುಗಳನ್ನು ತಾರಸಿ ಅಥವಾ ಅಂಗಳದ ಕೊಳದಲ್ಲಿ ಸಾಕುವವರು ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಕರಗಿದ ಮೇಣದ ಹನಿ ಬಿದ್ದು ಗಟ್ಟಿಯಾದಂತಹ ನುಣುಪಾದ, ಬಿಳಿಯ ಅಥವಾ ಬೂದು ಬಣ್ಣದ ಉಬ್ಬುಗಳನ್ನು ಕಾಣಬಹುದು. ಇದು ಗೆಂಡೆ ಸಿಡುಬು. ಹೆಸರಿನಲ್ಲಿ ಸಿಡುಬು ಇದ್ದರೂ ಮನುಷ್ಯರಿಗೆ ಬರುವ ರೋಗವಲ್ಲ. ಹರ್ಪಿಸ್ ಗುಂಪಿನ ವೈರಾಣುವೊಂದು ಇದರ ಮೂಲ. ನೀರು ತಣ್ಣಗಾದಾಗ ಕಾಣಿಸಿಕೊಂಡು, ಬೇಸಿಗೆ ಬಂದು ನೀರು ಬೆಚ್ಚಗಾದಂತೆ ಮರೆಯಾಗುವುದು ಇದರ ಗುರುತು. ಮುಂದಿನ ಚಳಿಗಾಲಕ್ಕೆ ಮತ್ತೆ ಬರಬಹುದು. ಕೆರೆದು ತೆಗೆಯಲು ಹೋದಲ್ಲಿ ಗಾಯವಾಗಿ ಬೇರೆ ಸೋಂಕು ತಗಲುತ್ತದೆ. ದೊಡ್ಡ ಮೀನುಗಳು ಇದರಿಂದ ಸಾಯುವುದು ಅಪರೂಪ.

ಒಳಗಿನಿಂದ ಬೆಳೆಯುವ ಗಡ್ಡೆಗಳು

ವಯಸ್ಸಾದ ಮೀನುಗಳಲ್ಲಿ, ವಿಶೇಷವಾಗಿ ಗೋಲ್ಡ್ ಫಿಷ್‌ಗಳಲ್ಲಿ, ಒಂದೇ ಕಡೆ ನಿಧಾನವಾಗಿ ತಿಂಗಳುಗಟ್ಟಲೆ ಬೆಳೆಯುವ ಗಟ್ಟಿ ಗಂಟು ಗಡ್ಡೆಯಾಗಿರಬಹುದು. ಇದು ಇತರ ಮೀನುಗಳಿಗೆ ಹರಡುವುದಿಲ್ಲವಾದ್ದರಿಂದ ತೊಟ್ಟಿಗೆ ಔಷಧ ಹಾಕುವುದರಲ್ಲಿ ಅರ್ಥವಿಲ್ಲ. ಪ್ಲಾಟಿ ಮತ್ತು ಸ್ವೋರ್ಡ್ ಟೇಲ್ ಮೀನುಗಳ ಕೆಲವು ಮಿಶ್ರ ತಳಿಗಳಲ್ಲಿ ಕಪ್ಪು ಮಚ್ಚೆಯು ಕಪ್ಪು ಗಡ್ಡೆಯಾಗಿ ಬೆಳೆಯುತ್ತದೆ. ಇದು ವಂಶವಾಹಿಗಳಿಂದ ಬರುವ ಕ್ಯಾನ್ಸರ್ ಎಂಬುದನ್ನು ವಿಜ್ಞಾನಿಗಳು 1920ರ ದಶಕದಿಂದಲೂ ಅಭ್ಯಸಿಸುತ್ತ ಬಂದಿದ್ದಾರೆ. ಅಂತಹ ಮೀನಿನಿಂದ ಮರಿ ಮಾಡಿಸಬಾರದು. ಗಡ್ಡೆಯು ಉಸಿರಾಟಕ್ಕೆ, ಈಜಿಗೆ, ಆಹಾರಕ್ಕೆ ಅಡ್ಡಿಯಾಗದಿದ್ದಲ್ಲಿ ಮೀನು ಅದರೊಂದಿಗೆ ದೀರ್ಘಕಾಲ ಬದುಕಬಲ್ಲದು. ಶಸ್ತ್ರಚಿಕಿತ್ಸೆ ಅಸಾಧ್ಯವೇನಲ್ಲ: 2014ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಲಾರ್ಟ್ ಸ್ಮಿತ್ ಪ್ರಾಣಿ ಆಸ್ಪತ್ರೆಯಲ್ಲಿ ಜಾರ್ಜ್ ಎಂಬ ಹತ್ತು ವರ್ಷದ ಗೋಲ್ಡ್ ಫಿಷ್‌ನ ತಲೆಯ ಮೇಲಿನ ಗಡ್ಡೆಯನ್ನು, ಅರಿವಳಿಕೆ ಬೆರೆಸಿದ ನೀರನ್ನು ಕಿವಿರುಗಳ ಮೂಲಕ ಹರಿಸುತ್ತ, ಸುಮಾರು 45 ನಿಮಿಷಗಳಲ್ಲಿ ತೆಗೆಯಲಾಯಿತು.

ಇಡೀ ಹೊಟ್ಟೆ ಉಬ್ಬಿ, ಮೇಲಿನಿಂದ ನೋಡಿದಾಗ ಹುರುಪೆಗಳು ಹಲಸಿನ ಹಣ್ಣಿನ ಸಿಪ್ಪೆಯಂತೆ ನಿಂತಿದ್ದಲ್ಲಿ ಅದು ಗಡ್ಡೆಯಲ್ಲ. ಒಳಅಂಗಗಳು ಕೆಟ್ಟು ದೇಹದಲ್ಲಿ ನೀರು ತುಂಬಿರುವ ಲಕ್ಷಣ. ಈ ಹಂತದಲ್ಲಿ ಗುಣವಾಗುವ ಮೀನುಗಳು ಕಡಿಮೆ.

ಸಾಕುವವರ ಕೈಗೂ ಬರಬಹುದಾದ ಗಂಟು

ಮೀನು ದಿನೇ ದಿನೇ ಸೊರಗಿ, ಬೆನ್ನು ಬಾಗಿ, ಮೈಮೇಲೆ ವಾಸಿಯಾಗದ ಹುಣ್ಣು ಅಥವಾ ಸಣ್ಣ ಗಂಟುಗಳಾಗಿ, ವಾರಕ್ಕೊಂದು ಮೀನು ಸಾಯುತ್ತಿದ್ದಲ್ಲಿ ಮೀನು ಕ್ಷಯದ ಸಂಶಯವಿರುತ್ತದೆ. ಇದಕ್ಕೆ ಕಾರಣವಾಗುವ ಮೈಕೋಬ್ಯಾಕ್ಟೀರಿಯಂ ಮೆರೈನಮ್ ಎಂಬ ಸೂಕ್ಷ್ಮಾಣುವು ಕೈಯ ಗಾಯದ ಮೂಲಕ ಮನುಷ್ಯರಿಗೂ ಸೋಂಕು ತಗಲಿಸಬಲ್ಲದು. ಕೆಲವು ವಾರಗಳ ನಂತರ ಬೆರಳು ಅಥವಾ ಮುಂಗೈಯ ಮೇಲೆ ನೋವಿಲ್ಲದ ಕೆಂಪು ಗಂಟು ಕಾಣಿಸಿ, ವಾಸಿಯಾಗದೆ ಉಳಿಯುತ್ತದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಶ್ವಾಸಕೋಶದ ಕ್ಷಯವಲ್ಲ, ಗುಣಪಡಿಸಬಹುದಾದದ್ದು; ಆದರೆ ತಿಂಗಳುಗಟ್ಟಲೆ ಔಷಧ ಬೇಕಾಗುತ್ತದೆ. ಇಂತಹ ಗಂಟಿನೊಂದಿಗೆ ಚರ್ಮವೈದ್ಯರ ಬಳಿ ಹೋಗುವವರು ಮನೆಯಲ್ಲಿ ಮೀನು ಸಾಕಿರುವುದನ್ನು ತಪ್ಪದೆ ತಿಳಿಸಬೇಕು. ಕೇಳದೆ ಹೇಳದೆ ಉಳಿದ ಈ ಒಂದು ಮಾತಿನಿಂದ ರೋಗನಿರ್ಣಯ ತಡವಾಗುವುದುಂಟು.

ಕೈಯಲ್ಲಿ ಗಾಯವಿರುವವರು, ಮಧುಮೇಹಿಗಳು ಹಾಗೂ ರೋಗನಿರೋಧಕ ಶಕ್ತಿ ಕುಂದಿರುವವರು ಕೈಗವಸಿಲ್ಲದೆ ತೊಟ್ಟಿಯನ್ನು ಸ್ವಚ್ಛಗೊಳಿಸಬಾರದು. ಪೈಪನ್ನು ಬಾಯಿಯಿಂದ ಎಳೆದು ನೀರು ಹೊರತೆಗೆಯುವ ರೂಢಿಯನ್ನು ಎಲ್ಲರೂ ಬಿಡತಕ್ಕದ್ದು. ತೊಟ್ಟಿಯ ಸಾಮಾನುಗಳನ್ನು ಅಡುಗೆ ಮನೆಯ ಸಿಂಕಿನಲ್ಲಿ ತೊಳೆಯಬಾರದು.

ಪರೀಕ್ಷೆಗೆ ಒಯ್ಯುವ ಮುನ್ನ

ಖಚಿತ ನಿರ್ಣಯವು ಸೂಕ್ಷ್ಮದರ್ಶಕದ ಪರೀಕ್ಷೆಯಿಂದ ಮಾತ್ರ ಸಾಧ್ಯ. ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿ, ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯ ಅಥವಾ ಹೆಸರಘಟ್ಟದಲ್ಲಿರುವ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವನ್ನು ಮೊದಲು ದೂರವಾಣಿಯಲ್ಲಿ ವಿಚಾರಿಸಿ, ಮಾದರಿಯನ್ನು ಸ್ವೀಕರಿಸುವ ದಿನ ಮತ್ತು ವೇಳೆಯನ್ನು ತಿಳಿದು ಹೊರಡಬೇಕು. ಬೊಮ್ಮನಹಳ್ಳಿಯಿಂದ ಹೆಬ್ಬಾಳಕ್ಕೆ ಇಡೀ ನಗರವನ್ನು ದಾಟಬೇಕಾಗಿರುವುದರಿಂದ ಬೆಳಿಗ್ಗೆ ವಾಹನ ದಟ್ಟಣೆಗೆ ಮುನ್ನ ಹೊರಡುವುದು ಮೀನಿಗೂ ಒಳಿತು. 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿಯೂ ಜಲಚರಗಳ ಆರೋಗ್ಯದ ಬಗ್ಗೆ ತಜ್ಞರಿದ್ದಾರೆ.

ಸಾಧ್ಯವಾದಷ್ಟೂ ಜೀವಂತ ಮೀನನ್ನೇ ಒಯ್ಯಬೇಕು. ಪಾಲಿಥಿನ್ ಚೀಲದಲ್ಲಿ ಮೂರನೆಯ ಒಂದು ಭಾಗ ನೀರು, ಉಳಿದ ಭಾಗ ಗಾಳಿಯಿರುವಂತೆ ಕಟ್ಟಿ, ಚೀಲವನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಡುವುದು. ಆಗತಾನೆ ಸತ್ತ ಮೀನಾದಲ್ಲಿ ನೀರಿಲ್ಲದ ಚೀಲದಲ್ಲಿ, ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ತಲುಪಿಸಬೇಕು. ಫ್ರೀಜರಿನಲ್ಲಿ ಗಟ್ಟಿಯಾದ ಮೀನಿನ ಅಂಗಾಂಶಗಳು ಒಡೆಯುವುದರಿಂದ ಪರೀಕ್ಷೆಗೆ ಬರುವುದಿಲ್ಲ. ತೊಟ್ಟಿಯ ನೀರನ್ನು ಬೇರೆ ಶುಭ್ರ ಬಾಟಲಿಯಲ್ಲಿ ತುಂಬಬೇಕು. ತೊಟ್ಟಿಯ ಅಳತೆ, ಮೀನುಗಳ ಸಂಖ್ಯೆ, ನೀರಿನ ಮೂಲ, ಕೊನೆಯ ಬಾರಿ ನೀರು ಬದಲಾಯಿಸಿದ ದಿನ, ಹೊಸ ಮೀನು ತಂದ ದಿನ ಮತ್ತು ಈಗಾಗಲೇ ಹಾಕಿರುವ ಔಷಧದ ಹೆಸರನ್ನು ಕಾಗದದ ಮೇಲೆ ಬರೆದು ಲಗತ್ತಿಸತಕ್ಕದ್ದು. ಹಾಕಿದ ಔಷಧವನ್ನು ಮುಚ್ಚಿಡಬಾರದು.

ಮಾರಾಟಕ್ಕಾಗಿ ಅಲಂಕಾರಿಕ ಮೀನು ಮರಿ ಮಾಡುವವರು, ಅನೇಕ ಮೀನುಗಳು ಒಮ್ಮೆಲೇ ರೋಗಕ್ಕೆ ತುತ್ತಾದಲ್ಲಿ, 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ಬಿಡುಗಡೆಗೊಳಿಸಿದ ರಿಪೋರ್ಟ್ ಫಿಶ್ ಡಿಸೀಸ್ ಎಂಬ ಮೊಬೈಲ್ ಅನ್ವಯದ ಮೂಲಕವೂ ವರದಿ ಮಾಡಬಹುದಾಗಿರುತ್ತದೆ.

ಉಳಿಸಲಾಗದ ಮೀನು

ಮೀನು ಆಹಾರ ಬಿಟ್ಟು, ನೆಟ್ಟಗೆ ನಿಲ್ಲಲಾರದೆ, ಗುಣವಾಗುವ ಭರವಸೆಯಿಲ್ಲವೆಂದು ತಜ್ಞರು ತಿಳಿಸಿದಲ್ಲಿ ಅದರ ನೋವನ್ನು ಕೊನೆಗಾಣಿಸುವುದು ಕ್ರೌರ್ಯವಲ್ಲ. ಶೌಚಾಲಯಕ್ಕೆ ಹಾಕಿ ನೀರು ಬಿಡುವುದು, ನೆಲದ ಮೇಲೆ ಒದ್ದಾಡಲು ಬಿಡುವುದು ಕ್ರೌರ್ಯ. ಪಶುವೈದ್ಯರ ನೆರವು ದೊರೆಯದಿದ್ದಲ್ಲಿ, ಪ್ರತಿ ಲೀಟರ್ ನೀರಿಗೆ ಸುಮಾರು ಅರ್ಧ ಮಿಲಿಲೀಟರ್ ಲವಂಗದ ಎಣ್ಣೆಯಂತೆ ಅಳೆದು, ಸಣ್ಣ ಬಾಟಲಿಯಲ್ಲಿ ನೀರಿನೊಂದಿಗೆ ಚೆನ್ನಾಗಿ ಕುಲುಕಿ, ಪ್ರತ್ಯೇಕ ಪಾತ್ರೆಯಲ್ಲಿರುವ ಮೀನಿನ ನೀರಿಗೆ ಸೇರಿಸಬಹುದು. ಮೀನು ಮೊದಲು ಅರಿವು ತಪ್ಪಿ ಮಲಗುತ್ತದೆ. ಕಿವಿರಿನ ಚಲನೆ ನಿಂತ ನಂತರವೂ ಅರ್ಧ ಗಂಟೆ ಹಾಗೆಯೇ ಬಿಟ್ಟು, ಬಳಿಕ ನಾಯಿ ಬೆಕ್ಕು ಅಗೆಯದಷ್ಟು ಆಳದಲ್ಲಿ ಹೂಳಬೇಕು. ಮಕ್ಕಳಿರುವ ಮನೆಯಲ್ಲಿ ಅವರಿಗೆ ನಿಜವನ್ನೇ ಹೇಳುವುದು ಉತ್ತಮ.

ರೋಗಿ ಮೀನನ್ನಾಗಲಿ, ಸಾಕಲು ಬೇಡವಾದ ಮೀನನ್ನಾಗಲಿ ಕೆರೆಗೆ ಅಥವಾ ರಾಜಕಾಲುವೆಗೆ ಬಿಡತಕ್ಕದ್ದಲ್ಲ. ಮಡಿವಾಳ ಕೆರೆಯ ಕೋಡಿ ನೀರು ಅಗರ ಕೆರೆಗೂ, ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೂ ಸೇರುವುದರಿಂದ ಒಂದು ಕಡೆ ಬಿಟ್ಟ ವೈರಾಣು ಅಥವಾ ಮೀನು ಹೇನು ಅಲ್ಲಿಗೇ ನಿಲ್ಲುವುದಿಲ್ಲ. ತೊಟ್ಟಿಯ ಗಾಜು ಉಜ್ಜಲೆಂದು ತಂದು, ದೊಡ್ಡದಾದ ಮೇಲೆ ಕೆರೆಗೆ ಬಿಟ್ಟ ಸಕ್ಕರ್ ಮೀನುಗಳು ಬೆಂಗಳೂರಿನ ಕೆರೆಗಳಲ್ಲಿ ಈಗಾಗಲೇ ನೆಲೆಯೂರಿವೆ. ಸಾಕಲಾಗದ ಆರೋಗ್ಯವಂತ ಮೀನನ್ನು ಕೊಂಡ ಅಂಗಡಿಗೆ ಅಥವಾ ಬೇರೆ ಸಾಕುವವರಿಗೆ ನೀಡಬಹುದು.

ರೋಗ ಬಂದ ತೊಟ್ಟಿಯ ಬಲೆ, ಪೈಪು, ಕಲ್ಲುಗಳನ್ನು ಬೇರೆ ತೊಟ್ಟಿಗೆ ಬಳಸುವ ಮುನ್ನ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ, ಹಲವು ಬಾರಿ ತೊಳೆದು, ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸುವುದು. ಹೊಸದಾಗಿ ತಂದ ಮೀನುಗಳನ್ನು ಮೂರರಿಂದ ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು, ಯಾವುದೇ ಚುಕ್ಕೆ ಅಥವಾ ಗಂಟು ಕಾಣಿಸದಿದ್ದಲ್ಲಿ ಮಾತ್ರ ಹಳೆಯ ಮೀನುಗಳೊಂದಿಗೆ ಬಿಡಬೇಕು. ಈ ಕೆಲಸಕ್ಕೆ ದೊಡ್ಡ ಗಾಜಿನ ತೊಟ್ಟಿಯೇ ಬೇಕೆಂದಿಲ್ಲ. ಗಾಳಿ ಕಲ್ಲು ಮತ್ತು ಸಣ್ಣ ಸ್ಪಂಜ್ ಫಿಲ್ಟರ್ ಅಳವಡಿಸಿದ 20 ಲೀಟರಿನ ಪ್ಲಾಸ್ಟಿಕ್ ಟಬ್ಬು ಸಾಕಾಗುತ್ತದೆ.